ಸೋಸಿದ ನೀರು, ಸೋಸಲಾಗದ ವಿಷ

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳು ಊರು ಬಿಟ್ಟರೂ ಅಡುಗೆಮನೆಯ ನಿಯಮವನ್ನು ಬಿಟ್ಟಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುತ್ತಾರೆ, ಕಂದಮೂಲಗಳನ್ನು ತ್ಯಜಿಸುತ್ತಾರೆ, ಅಷ್ಟಮಿ, ಚತುರ್ದಶಿಗಳಂದು ಹಸಿರನ್ನು ಮುಟ್ಟುವುದಿಲ್ಲ. ರೈತು ಬಜಾರಿನಿಂದ ತಂದ ತೋಟಕೂರ, ಗೋಂಗೂರಗಳ ಒಂದೊಂದು ಎಲೆಯನ್ನೂ ತಿರುಗಿಸಿ ನೋಡಿ, ಹುಳುವಿದ್ದರೆ ನೋಯಿಸದೆ ಬಿಡುತ್ತಾರೆ. ಆದರೆ ಕಣ್ಣಿಗೆ ಕಾಣದ, ಬಟ್ಟೆಗೆ ಸಿಕ್ಕದ, ಬೇಯಿಸಿದರೂ ನಾಶವಾಗದ ವಿಷವೊಂದು ಅದೇ ಎಲೆಯೊಳಗೆ ಇರಬಹುದು. ಅದೇ ಭಾರಲೋಹ.

ಇದಕ್ಕೆ ಸಾಕ್ಷಿ ಬೆಂಗಳೂರಿನಲ್ಲಿದೆ. ಅಲ್ಲಿನ ಅಂಗಡಿಗಳ ತರಕಾರಿಯನ್ನು ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಯು ಪರೀಕ್ಷಿಸಿದಾಗ ಮಿತಿಮೀರಿದ ಲೋಹಗಳು ಕಂಡುಬಂದವು. ವಿಷಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 72 ಮಾದರಿಗಳಲ್ಲಿ 19ರಲ್ಲಿ ಸೀಸವು ಮಿತಿ ಮೀರಿದೆಯೆಂದು ವರದಿ ನೀಡಿತು. ಸೊಪ್ಪಿಗೆ ನಿಗದಿಯಾದ ಮಿತಿ ಕಿಲೋಗೆ ಸೀಸ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2 ಮಿಲಿಗ್ರಾಂ ಮಾತ್ರ.

ಕಾರ್ಖಾನೆಯ ಕೊಳಚೆ ಬೆರೆತ ನೀರು ಹೊಲಕ್ಕೆ ಹರಿದರೆ ಲೋಹವು ಮಣ್ಣಿನಲ್ಲಿ ನಿಲ್ಲುತ್ತದೆ, ಅದು ಕೊಳೆಯುವುದಿಲ್ಲ. ಬೇರು ಅದನ್ನು ಹೀರಿ ಎಲೆಗೆ ಏರಿಸುತ್ತದೆ. ಪಾಲಕ್‌ನಂಥ ಸೊಪ್ಪುಗಳು ಕ್ಯಾಡ್ಮಿಯಂ ಅನ್ನು ಹೆಚ್ಚಾಗಿ ಹೀರುತ್ತವೆ. ತೊಳೆದರೆ ಮೇಲಿನ ಧೂಳು ಹೋದೀತು, ಒಳಗಿನದು ಹೋಗದು. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುತ್ತದೆ; ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಳ ಕಾಲ ಉಳಿಯುತ್ತದೆ. ಕಬ್ಬಿಣದ ಕೊರತೆಯಿರುವ ಸ್ತ್ರೀಯರ ದೇಹ ಇದನ್ನು ಇನ್ನೂ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಮೇಲಿಂದ ಮೇಲೆ ಉಪವಾಸ ಮಾಡುವ ತಾಯಂದಿರ ರಕ್ತಹೀನತೆಯನ್ನು ಕಡೆಗಣಿಸುವ ಮನೆಗಳು ಇದನ್ನು ಗಮನಿಸಬೇಕು.

ವಿಶಾಖಪಟ್ಟಣದಲ್ಲಿ ಸತು, ಸೀಸಗಳನ್ನು ಕರಗಿಸುವ ಕಾರ್ಖಾನೆಯೊಂದು 1977ರಿಂದ 2012ರವರೆಗೆ ನಡೆಯಿತು. ಕಾರ್ಖಾನೆ ಮುಚ್ಚಬಹುದು, ಮಣ್ಣಿನ ನೆನಪು ಮುಚ್ಚುವುದಿಲ್ಲ. ಅಂಥ ನೆಲದ ಸುತ್ತ ಪರೀಕ್ಷೆಯಿಲ್ಲದೆ ಸೊಪ್ಪು ಬೆಳೆಯುವುದು ವಿವೇಕವಲ್ಲ. ವಿಜಯವಾಡದ ಕಾಲುವೆಗಳ ನೀರಿಗೂ ಇದೇ ಎಚ್ಚರ ಬೇಕು.

ಹಾಗೆಂದು ಸೊಪ್ಪನ್ನೇ ಬಿಡುವುದು ಪರಿಹಾರವಲ್ಲ. ಒಂದೇ ಕಡೆಯಿಂದ ಒಂದೇ ಸೊಪ್ಪನ್ನು ನಿತ್ಯ ತರಬಾರದು. ಯಾವ ನೀರಿನಲ್ಲಿ ಬೆಳೆದದ್ದೆಂದು ಮಾರುವವರನ್ನು ಕೇಳಬೇಕು. ರೈತನನ್ನು ದೂಷಿಸಿ ಫಲವಿಲ್ಲ. ಶುದ್ಧ ನೀರು ಸಿಗದವನು ಸಿಕ್ಕಿದ ನೀರನ್ನೇ ಹಾಯಿಸುತ್ತಾನೆ. ಹೊಣೆಯು ಕೊಳಚೆ ಬಿಟ್ಟವರದು, ಬಿಡಲು ಸುಮ್ಮನಿದ್ದ ಆಡಳಿತದ್ದು. ಪ್ರತಿ ರೈತು ಬಜಾರಿನ ಮಾದರಿಗಳನ್ನು ನಿಯತವಾಗಿ ಪರೀಕ್ಷಿಸಿ ಫಲಿತಾಂಶವನ್ನು ಅಲ್ಲಿಯೇ ಫಲಕದಲ್ಲಿ ಪ್ರಕಟಿಸಬೇಕೆಂದು ಸಮಾಜವು ಒಟ್ಟಾಗಿ ಕೇಳಬೇಕು. ಮತ ಕೇಳಲು ಬಂದವರ ಮುಂದೆಯೂ ಈ ಪ್ರಶ್ನೆಯನ್ನಿಡಬೇಕು.

ಶ್ರಾವಕರು ವರ್ಜಿಸಬೇಕಾದ 15 ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ವಿಷ ಮಾರದವನು ತಾನು ನಿರ್ದೋಷಿಯೆಂದು ಭಾವಿಸಬಹುದು. ಆದರೆ ತನ್ನ ಕಾರ್ಖಾನೆಯ ಕೊಳಚೆಯನ್ನು ಶುದ್ಧಿ ಮಾಡದೆ ಹಳ್ಳಕ್ಕೆ ಬಿಟ್ಟು, ಸಂಜೆ ಸೋಸಿದ ನೀರು ಕುಡಿಯುವ ವ್ಯಾಪಾರಿಯ ವ್ರತಕ್ಕೆ ಏನರ್ಥ? ನೀರು ಸೋಸುವ ಬಟ್ಟೆ ಮೊದಲು ಕಾರ್ಖಾನೆಯ ಬಾಗಿಲಲ್ಲಿರಲಿ. ಅಹಿಂಸೆಯು ಅಡುಗೆಮನೆಯಲ್ಲಿ ಹುಟ್ಟಿತೆಂದು ಅಲ್ಲಿಯೇ ಉಳಿಯಬೇಕಾಗಿಲ್ಲ.