ಆಣೆ ಇಡದವನ ಮಾತಿಗೆ ಬೆಲೆಯುಂಟೇ?



'ಸೆಕ್ಯುಲರ್' ಎಂಬ ಪದಕ್ಕೆ ನಾವು ಜಾತ್ಯತೀತ, ಧರ್ಮನಿರಪೇಕ್ಷ, ಮತನಿರಪೇಕ್ಷ ಎಂಬ ಹಲವು ಪದಗಳನ್ನು ಬಳಸುತ್ತಾ ಬಂದಿದ್ದೇವೆ. ಯಾವುದು ಸರಿ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಈ ವಿಚಾರ ಸಾಮಾನ್ಯ ಪ್ರಜೆಯ ಬದುಕನ್ನು ತಟ್ಟುವುದು ಎಲ್ಲಿ ಎಂಬುದನ್ನು ಇಂದು ನೋಡೋಣ. ಅದಕ್ಕಾಗಿ ನಾನು ಆರಿಸಿಕೊಂಡಿರುವುದು ಪ್ರಮಾಣವಚನದ ಪ್ರಶ್ನೆಯನ್ನು.

ಆಣೆ ಪ್ರಮಾಣ ನಮಗೆ ಹೊಸದಲ್ಲ. ಜಗಳ ಬಗೆಹರಿಯದಿದ್ದಾಗ 'ಧರ್ಮಸ್ಥಳಕ್ಕೆ ಬಂದು ಆಣೆ ಮಾಡು' ಎಂದು ಸವಾಲು ಹಾಕುವುದನ್ನು ನಾವೆಲ್ಲ ಕೇಳಿದ್ದೇವೆ. ದೇವರಿಗೆ ಹೆದರುವವನು ಸುಳ್ಳು ಹೇಳಲಾರ ಎಂಬುದು ಅದರ ಹಿಂದಿರುವ ನಂಬಿಕೆ. ಇಬ್ಬರೂ ಒಪ್ಪಿ ಹೋದರೆ ಅದು ಅವರಿಬ್ಬರಿಗೆ ಸೇರಿದ್ದು. ಆದರೆ ಸರ್ಕಾರವೇ 'ಆಣೆ ಇಡದಿದ್ದರೆ ನಿನ್ನ ಮಾತು ಲೆಕ್ಕಕ್ಕಿಲ್ಲ' ಎಂದರೆ?

19ನೇ ಶತಮಾನದ ಇಂಗ್ಲೆಂಡಿನಲ್ಲಿ ಪರಿಸ್ಥಿತಿ ಹಾಗೆಯೇ ಇತ್ತು. ದೇವರನ್ನು ನಂಬುವುದಿಲ್ಲವೆಂದು ಬಾಯಿಬಿಟ್ಟು ಹೇಳಿದವನ ಸಾಕ್ಷ್ಯವನ್ನು ನ್ಯಾಯಾಲಯ ಸ್ವೀಕರಿಸುತ್ತಿರಲಿಲ್ಲ. ಅವನ ಮನೆಗೆ ಕಳ್ಳ ನುಗ್ಗಿದರೂ, ಅವನಿಗೆ ಬರಬೇಕಾದ ಹಣ ಮುಳುಗಿದರೂ ಕಟಕಟೆಯಲ್ಲಿ ಅವನು ಮೂಕ. ಇದರ ವಿಚಿತ್ರ ನೋಡಿ: ನಂಬದಿದ್ದರೂ ನಂಬಿದಂತೆ ನಟಿಸಿ ಆಣೆಯಿಟ್ಟವನನ್ನು ಕಾನೂನು ಒಳಗೆ ಬಿಡುತ್ತಿತ್ತು, ನಿಜ ಹೇಳಿದವನನ್ನು ಹೊರಗೆ ನಿಲ್ಲಿಸುತ್ತಿತ್ತು. ಸತ್ಯವನ್ನು ಕಾಯಲೆಂದು ಇಟ್ಟ ಕಾವಲು ಸತ್ಯವಂತನನ್ನೇ ತಡೆಯುತ್ತಿತ್ತು. 1869ರ ಕಾನೂನು ನ್ಯಾಯಾಲಯದ ಮಟ್ಟಿಗೆ ಇದನ್ನು ಸರಿಪಡಿಸಿತು.

ದೇವರ ಬಗ್ಗೆ ಆಡಿದ ಮಾತಿಗಾಗಿ 1842ರಲ್ಲಿ ಆರು ತಿಂಗಳು ಜೈಲು ಕಂಡ ಜಾರ್ಜ್ ಜೇಕಬ್ ಹೋಲಿಯೋಕ್ ಎಂಬಾತನೇ 1851ರಲ್ಲಿ 'ಸೆಕ್ಯುಲರಿಸಂ' ಎಂಬ ಪದವನ್ನು ಟಂಕಿಸಿದ. ಅಂದರೆ ಈ ಪದ ಹುಟ್ಟಿದ್ದು ಪೆಟ್ಟು ತಿಂದವರ ನಡುವೆ.

ಈ ಹೋರಾಟವನ್ನು ಪಾರ್ಲಿಮೆಂಟಿನ ಬಾಗಿಲಿಗೆ ಒಯ್ದವನು ಚಾರ್ಲ್ಸ್ ಬ್ರ್ಯಾಡ್ಲಾ. 1866ರಲ್ಲಿ ನ್ಯಾಷನಲ್ ಸೆಕ್ಯುಲರ್ ಸೊಸೈಟಿಯನ್ನು ಕಟ್ಟಿದ ಈತ 1880ರಲ್ಲಿ ನಾರ್ಥಾಂಪ್ಟನ್ ಕ್ಷೇತ್ರದಿಂದ ಕಾಮನ್ಸ್ ಸಭೆಗೆ ಆಯ್ಕೆಯಾದ. ದೇವರ ಹೆಸರೆತ್ತದೆ ಗಂಭೀರವಾಗಿ ಮಾತು ಕೊಡುವ ಕ್ರಮಕ್ಕೆ ದೃಢವಚನ ಎನ್ನೋಣ. ಆಣೆಯಿಡುವುದೇ ಪಾಪವೆಂದು ನಂಬಿದ್ದ ಕ್ವೇಕರ್ ಪಂಥದ ಕ್ರೈಸ್ತರಿಗೆ ಆ ಅವಕಾಶ ಮೊದಲೇ ಸಿಕ್ಕಿತ್ತು. ಬ್ರ್ಯಾಡ್ಲಾ ಅದನ್ನೇ ಕೇಳಿದ. ಸಭೆ ಒಪ್ಪಲಿಲ್ಲ. ಹಾಗಾದರೆ ಎಲ್ಲರಂತೆ ಪ್ರಮಾಣವನ್ನೇ ಸ್ವೀಕರಿಸುತ್ತೇನೆ ಎಂದ. 'ನೀನು ನಾಸ್ತಿಕ, ನಿನ್ನ ಪ್ರಮಾಣಕ್ಕೆ ಅರ್ಥವಿಲ್ಲ' ಎಂದು ಅದನ್ನೂ ತಡೆದರು! ಹಟ ಹಿಡಿದು ನಿಂತಾಗ ಜೂನ್ 23ರಂದು ಪಾರ್ಲಿಮೆಂಟಿನ ಗಡಿಯಾರ ಗೋಪುರದಲ್ಲಿ ಒಂದು ರಾತ್ರಿ ಸೆರೆಯಲ್ಲಿಟ್ಟರು. ಮರುವರ್ಷ ಪೊಲೀಸರು ಅವನನ್ನು ಸಭೆಯ ಬಾಗಿಲಿನಿಂದ ಎಳೆದು ಹಾಕಿದರು.

ನಾರ್ಥಾಂಪ್ಟನ್ನಿನ ಮತದಾರರು ಮಾತ್ರ ಅವನನ್ನು ಕೈಬಿಡಲಿಲ್ಲ. 1881, 1882, 1884, 1885ರಲ್ಲಿ ಮತ್ತೆ ಮತ್ತೆ ಆರಿಸಿ ಕಳಿಸಿದರು. ಅವರೆಲ್ಲ ನಾಸ್ತಿಕರಾಗಿದ್ದರೆಂದಲ್ಲ. ತಮ್ಮ ಪ್ರತಿನಿಧಿ ಯಾರೆಂದು ತೀರ್ಮಾನಿಸುವವರು ತಾವು ಎಂಬ ಅಭಿಮಾನ ಅವರದು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. 1829ರವರೆಗೆ ಕ್ಯಾಥೊಲಿಕರಿಗೂ ಅದೇ ಪಾರ್ಲಿಮೆಂಟಿನ ಬಾಗಿಲು ಮುಚ್ಚಿತ್ತು. ಆದರೂ ಅವರ ಧರ್ಮಗುರು ಕಾರ್ಡಿನಲ್ ಮ್ಯಾನಿಂಗ್ ಬ್ರ್ಯಾಡ್ಲಾನನ್ನು ಕಟುವಾಗಿ ವಿರೋಧಿಸಿದರು. ಇತ್ತ ಪರಮ ಆಸ್ತಿಕರಾದ ಪ್ರಧಾನಿ ಗ್ಲಾಡ್‌ಸ್ಟನ್ 1883ರಲ್ಲಿ ದೃಢವಚನದ ಮಸೂದೆಯ ಪರವಾಗಿ ವಾದಿಸಿದರು. ಮಸೂದೆ ಕೇವಲ 3 ಮತಗಳಿಂದ ಬಿತ್ತು. ಅನ್ಯಾಯ ಉಂಡವರೆಲ್ಲ ಇನ್ನೊಬ್ಬರ ನೋವನ್ನು ಅರಿಯುತ್ತಾರೆಂದೇನಿಲ್ಲ. ಭಕ್ತರೆಲ್ಲ ನಾಸ್ತಿಕನ ಶತ್ರುಗಳೂ ಅಲ್ಲ.

ಕೊನೆಗೆ 1886ರಲ್ಲಿ ಸಭಾಧ್ಯಕ್ಷ ಪೀಲ್ ಯಾರ ಆಕ್ಷೇಪಣೆಗೂ ಅವಕಾಶ ಕೊಡದೆ ಬ್ರ್ಯಾಡ್ಲಾನಿಗೆ ಪ್ರಮಾಣ ಸ್ವೀಕರಿಸಲು ಬಿಟ್ಟರು. ಒಳಗೆ ಹೋದವನು ಸುಮ್ಮನೆ ಕೂರಲಿಲ್ಲ. 1888ರಲ್ಲಿ ಅವನೇ ಮುಂದೆ ನಿಂತು ತಂದ ಕಾಯಿದೆಯಿಂದ, ಪ್ರಮಾಣ ಬೇಕಾದ ಕಡೆಯಲ್ಲೆಲ್ಲ ದೃಢವಚನವೂ ಸಲ್ಲುವಂತಾಯಿತು.

ಇದು ದೂರದೇಶದ ಕಥೆ ಮಾತ್ರವಲ್ಲ. ಭಾರತದ ಪರವಾಗಿ ಪಾರ್ಲಿಮೆಂಟಿನಲ್ಲಿ ದನಿ ಎತ್ತುತ್ತಿದ್ದ ಬ್ರ್ಯಾಡ್ಲಾ 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ. 1891ರಲ್ಲಿ ಅವನು ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ಭಾಗವಹಿಸಿದವರಲ್ಲಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಮೋಹನದಾಸ ಗಾಂಧಿಯೂ ಒಬ್ಬರು. ಆ ತರುಣ ದೈವಭಕ್ತ ಎಂಬುದನ್ನು ಹೇಳಬೇಕಾಗಿಲ್ಲ.

ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯನ್ನು ತೆರೆದು ನೋಡಿ. ಮಂತ್ರಿಯಾಗಲಿ, ಶಾಸಕರಾಗಲಿ, ನ್ಯಾಯಮೂರ್ತಿಗಳಾಗಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ದೃಢವಚನ ನೀಡಬಹುದು. ಎರಡಕ್ಕೂ ಒಂದೇ ತೂಕ. 1949ರ ಅಕ್ಟೋಬರ್‌ನಲ್ಲಿ, ಮಂಗಳೂರಿನಲ್ಲಿ ಜನಿಸಿದ ಎಚ್.ವಿ. ಕಾಮತ್ ಅವರು ಪ್ರಸ್ತಾವನೆಯು ದೇವರ ಹೆಸರಿನಿಂದ ಆರಂಭವಾಗಲಿ ಎಂದು ಸಂವಿಧಾನ ಸಭೆಯಲ್ಲಿ ತಿದ್ದುಪಡಿ ತಂದರು. ಪರ 41, ವಿರುದ್ಧ 68 ಮತಗಳು ಬಂದು ಅದು ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಆಸ್ತಿಕರೂ ಇದ್ದರು. ಒಬ್ಬರ ಭಕ್ತಿಯನ್ನು ಎಲ್ಲರ ಬಾಯಿಂದ ಹೇಳಿಸಬಾರದು ಎಂಬುದು ಅಲ್ಲಿ ಕೇಳಿಬಂದ ವಾದ.

ಧರ್ಮದ ಕಾರಣಕ್ಕೆ ಸರ್ಕಾರಿ ಹುದ್ದೆಯಲ್ಲಿ ತಾರತಮ್ಯ ಕೂಡದೆಂದು ಸಂವಿಧಾನದ 16ನೇ ವಿಧಿ ಹೇಳುತ್ತದೆ. ಅಂಗಡಿ, ಹೋಟೆಲು, ಬಾವಿ, ಕೆರೆಗಳ ಬಾಗಿಲನ್ನು 15ನೇ ವಿಧಿ ತೆರೆದಿದೆ. ಆದರೆ ಬಾಡಿಗೆ ಮನೆ ಹುಡುಕಿ ಹೋದವರಿಗೆ ಮುಂಗಡ ಎಷ್ಟು ಕೊಡುತ್ತೀರಿ ಎಂಬುದಕ್ಕಿಂತ ಮೊದಲು 'ನೀವು ಯಾವ ಪೈಕಿ?' ಎಂಬ ಪ್ರಶ್ನೆ ಎದುರಾಗುತ್ತದೆ. ಉತ್ತರ ಹಿಡಿಸದಿದ್ದರೆ 'ಮನೆ ನಿನ್ನೆಯೇ ಹೋಯಿತು' ಎನ್ನುತ್ತಾರೆ. ಅಲ್ಲಿಯೂ ನಿಜ ಹೇಳಿದವನೇ ಸೋಲುತ್ತಾನೆ. ಹೆಸರು ಮರೆಸಿದವನಿಗೆ ಮನೆ ಸಿಗುತ್ತದೆ.

ಬ್ರ್ಯಾಡ್ಲಾ ಯಾರ ದೇವರ ಮನೆಗೂ ಬೀಗ ಹಾಕಿಸಲಿಲ್ಲ. ಅರ್ಜಿ, ಸಭೆ, ನ್ಯಾಯಾಲಯ, ಮತಪೆಟ್ಟಿಗೆ ಇವಿಷ್ಟೇ ಅವನ ಆಯುಧಗಳು. ಹಿಡಿದದ್ದು ಎಂಟು ವರ್ಷ. ನಮ್ಮ ಕೆಲಸ ಅಷ್ಟು ಕಷ್ಟದ್ದಲ್ಲ. ಮುಂದಿನ ಸಲ ನಿಮ್ಮ ಮನೆ ಬಾಡಿಗೆಗೆ ಕೇಳಿ ಯಾರಾದರೂ ಬಂದರೆ, ಬಾಡಿಗೆ ಕೊಡುತ್ತಾರೆಯೇ, ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುತ್ತಾರೆಯೇ ಎಂದಷ್ಟೇ ವಿಚಾರಿಸಿ. ಉಳಿದದ್ದನ್ನು ಕೇಳದೆ ಇದ್ದುಬಿಡಿ.