ಆಡುವವರು, ಆಡಿಸುವವರು



ಚೆನ್ನಾಗಿ ಆಡಬಲ್ಲವನು ಚೆನ್ನಾಗಿ ಆಡಿಸಲೂ ಬಲ್ಲ ಎಂದು ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ಆದರೆ ಆಡುವುದು ಒಂದು ಕಸುಬು, ಆಡಿಸುವುದು ಬೇರೆಯೇ ಕಸುಬು. ಎರಡರಲ್ಲೂ ಪಳಗಿದವರು ವಿರಳ. ಅಂಥವರಲ್ಲೊಬ್ಬರು ಇಂಗ್ಲೆಂಡಿನ ಬ್ರಿಯಾನ್ ಕ್ಲಫ್.

ಕ್ಲಫ್ 1935ರಲ್ಲಿ ಮಿಡಲ್ಸ್‌ಬರೋ ಎಂಬ ಕೈಗಾರಿಕಾ ಪಟ್ಟಣದಲ್ಲಿ ಹುಟ್ಟಿದರು. ಮೊದಲು ತಮ್ಮೂರಿನ ಕ್ಲಬ್ಬಿಗೆ, ಆಮೇಲೆ ಸಂಡರ್‌ಲೆಂಡ್ ಕ್ಲಬ್ಬಿಗೆ ಆಡಿ, 274 ಲೀಗ್ ಪಂದ್ಯಗಳಲ್ಲಿ 251 ಗೋಲು ಹೊಡೆದರು. ಹೆಚ್ಚಿನವು ಎರಡನೆಯ ಡಿವಿಷನ್ನಿನ ಪಂದ್ಯಗಳು, ನಿಜ. ಆದರೂ ಸುಮಾರಾಗಿ ಪಂದ್ಯಕ್ಕೊಂದು ಗೋಲೆಂದರೆ ಹುಡುಗಾಟವಲ್ಲ. 1962ರ ಡಿಸೆಂಬರ್ 26ರಂದು ಚಳಿಗೆ ಗಟ್ಟಿಯಾಗಿದ್ದ ಅಂಗಣದಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದಾಗ, ಎದುರು ತಂಡದ ಗೋಲ್‌ಕೀಪರ್‌ಗೆ ಅವರ ಮೊಣಕಾಲು ಅಪ್ಪಳಿಸಿತು. ಒಳಗಿನ ಅಸ್ಥಿರಜ್ಜುಗಳು ಹರಿದವು. ಇಂದು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿ ಆಟಗಾರನನ್ನು ಮತ್ತೆ ಅಂಗಣಕ್ಕೆ ಕಳುಹಿಸುತ್ತಾರೆ. ಆಗ ಆ ಅನುಕೂಲವಿರಲಿಲ್ಲ. 1964ರಲ್ಲಿ ಹಟ ಹಿಡಿದು ಮರಳಿ ಬಂದು ಮೂರು ಪಂದ್ಯ ಆಡಿದರು. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಅವರ ಆಟ ಮುಗಿಯಿತು.

ಕ್ರಿಕೆಟ್ಟಿನಲ್ಲಿ ಮೈದಾನದ ಯಜಮಾನ ನಾಯಕ. ತಂಡವನ್ನು ಆರಿಸಲು ಆಯ್ಕೆ ಸಮಿತಿ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಆ ಕಾಲದಲ್ಲಿ ಎಲ್ಲವೂ ಮ್ಯಾನೇಜರನ ಕೈಯಲ್ಲೇ: ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಶನಿವಾರ ಯಾರು ಆಡಬೇಕು. ಸೋತರೆ ಮೊದಲು ಹೋಗುವುದೂ ಅವನ ಕೆಲಸವೇ!

1965ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಕ್ಲಫ್ ಅವರಿಗೆ ಸಿಕ್ಕಿದ್ದು ಹಾರ್ಟಲ್‌ಪೂಲ್ಸ್ ಯುನೈಟೆಡ್. ನಾಲ್ಕನೆಯ ಡಿವಿಷನ್ನಿನ ಬಡ ಕ್ಲಬ್ಬು. ಅಲ್ಲಿಗೆ ಅವರು ಹಳೆಯ ಗೆಳೆಯ ಪೀಟರ್ ಟೇಲರ್ ಅವರನ್ನು ಕರೆದುಕೊಂಡು ಬಂದರು. ಟೇಲರ್ ಮಿಡಲ್ಸ್‌ಬರೋದಲ್ಲಿ ಗೋಲ್‌ಕೀಪರ್ ಆಗಿದ್ದವರು. ಯಾರಲ್ಲಿ ಏನಿದೆ ಎಂದು ಗುರುತಿಸುವ ಕಣ್ಣು ಟೇಲರ್ ಅವರದು; ಅದನ್ನು ಹೊರತೆಗೆಯುವ ಮಾತು ಕ್ಲಫ್ ಅವರದು. ನನ್ನ ಮಟ್ಟಿಗೆ ಈ ಇಬ್ಬರ ಕಥೆಯನ್ನು ಬಿಡಿಬಿಡಿಯಾಗಿ ಹೇಳುವುದು ಸಾಧ್ಯವೇ ಇಲ್ಲ.

1967ರಲ್ಲಿ ಇಬ್ಬರೂ ಡರ್ಬಿ ಕೌಂಟಿಗೆ ಹೋದರು. ಮರುವರ್ಷ ಡೇವ್ ಮೆಕೇ ಎಂಬ ಹೆಸರಾಂತ ಆಟಗಾರನನ್ನು ತಂದರು. ಮೆಕೇಗೆ ಆಗಲೇ ಮೂವತ್ತಮೂರು ವರ್ಷ. ಅವರ ಆಟ ಮುಗಿಯಿತೆಂದು ಹಲವರು ಎಣಿಸಿದ್ದರು. ಓಡಾಟ ಹೆಚ್ಚಿರುವ ಮಧ್ಯಭಾಗದಿಂದ ಅವರನ್ನು ಹಿಂದಕ್ಕೆ, ರಕ್ಷಣೆಯ ಸಾಲಿಗೆ ನಿಲ್ಲಿಸಿದರು. ಕಾಲಿನ ವೇಗ ಕಡಿಮೆಯಾದರೇನು, ತಲೆ ಓಡುತ್ತಿತ್ತಲ್ಲ! 1969ರಲ್ಲಿ ಡರ್ಬಿ ಮೊದಲ ಡಿವಿಷನ್ನಿಗೆ ಏರಿತು. 1972ರಲ್ಲಿ ಲೀಗ್ ಗೆದ್ದಿತು.

ಆದರೆ ಕ್ಲಫ್ ಅವರ ನಾಲಿಗೆ ಹರಿತ. ಆಡಳಿತ ಮಂಡಳಿಯೊಡನೆ ಜಗಳವಾಗಿ 1973ರಲ್ಲಿ ಇಬ್ಬರೂ ಹೊರಬಿದ್ದರು. ಮರುವರ್ಷ ಕ್ಲಫ್ ಆಗಿನ ಚಾಂಪಿಯನ್ ತಂಡವಾದ ಲೀಡ್ಸ್ ಯುನೈಟೆಡ್‌ನ ಮ್ಯಾನೇಜರ್ ಆದರು. ಈ ಸಲ ಟೇಲರ್ ಜೊತೆಗೆ ಹೋಗಲಿಲ್ಲ. ನೀವು ಗೆದ್ದ ಪದಕಗಳನ್ನು ಕಸದ ಡಬ್ಬಿಗೆ ಹಾಕಿ, ಅವು ನ್ಯಾಯವಾಗಿ ಬಂದವಲ್ಲ ಎಂಬರ್ಥದ ಮಾತನ್ನು ಕ್ಲಫ್ ಆಟಗಾರರ ಮುಖಕ್ಕೇ ಹೇಳಿದರಂತೆ. ಅಂಥವರ ಮಾತನ್ನು ಯಾರು ತಾನೇ ಕೇಳುತ್ತಾರೆ? ನಲವತ್ತನಾಲ್ಕೇ ದಿನಗಳಲ್ಲಿ ಕೆಲಸ ಹೋಯಿತು.

1975ರ ಜನವರಿಯಲ್ಲಿ ಎರಡನೆಯ ಡಿವಿಷನ್ನಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅವರನ್ನು ಕರೆಯಿತು. 1976ರಲ್ಲಿ ಟೇಲರ್ ಬಂದು ಸೇರಿಕೊಂಡರು. ಮುಂದಿನದು ನಂಬಲಾಗದ ಓಟ. 1977ರಲ್ಲಿ ಮೇಲಿನ ಡಿವಿಷನ್ನಿಗೆ ಬಡ್ತಿ, 1978ರಲ್ಲಿ ಲೀಗ್ ಪ್ರಶಸ್ತಿ, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್. ನಡುವೆ ಸತತ 42 ಲೀಗ್ ಪಂದ್ಯಗಳಲ್ಲಿ ಸೋಲೇ ಇಲ್ಲ. 1980ರ ಫೈನಲಿನಲ್ಲಿ ಹ್ಯಾಂಬರ್ಗ್ ವಿರುದ್ಧ ಏಕೈಕ ಗೋಲು ಹೊಡೆದ ಜಾನ್ ರಾಬರ್ಟ್‌ಸನ್, ಕ್ಲಫ್ ಬರುವ ಮೊದಲೇ ಅಲ್ಲಿದ್ದವರು. ಮೈ ಬೆಳೆದಿತ್ತು, ಸಿಗರೇಟಿನ ಚಟ, ತಂಡದಲ್ಲಿ ಗಟ್ಟಿ ಸ್ಥಾನವಿರಲಿಲ್ಲ. ಅವರಿಗೆ ಎಡಬದಿಯ ಗೆರೆಯ ಪಕ್ಕದ ಜಾಗ ಕೊಟ್ಟರು. ಚೆಂಡು ಅವರ ಕಾಲಿಗೆ ಹೋಗಲಿ ಎಂದು ಉಳಿದವರಿಗೆ ಹೇಳಿದರು.

1982ರಲ್ಲಿ ಟೇಲರ್ ಫಾರೆಸ್ಟ್ ಬಿಟ್ಟು, ಆಮೇಲೆ ಡರ್ಬಿಯ ಮ್ಯಾನೇಜರ್ ಆದರು. 1983ರಲ್ಲಿ ಅದೇ ರಾಬರ್ಟ್‌ಸನ್ನರನ್ನು ಡರ್ಬಿಗೆ ಸೆಳೆದುಕೊಂಡಾಗ ಗೆಳೆಯರಿಬ್ಬರ ಮಾತು ನಿಂತುಹೋಯಿತು. 1990ರಲ್ಲಿ ಟೇಲರ್ ತೀರಿಕೊಂಡರು, ಅಷ್ಟರೊಳಗೆ ರಾಜಿಯಾಗಲಿಲ್ಲ. ಟೇಲರ್ ಹೋದ ಮೇಲೆ ಕ್ಲಫ್ ಎರಡು ಸಲ ಲೀಗ್ ಕಪ್ ಗೆದ್ದರೂ, ಲೀಗ್ ಪ್ರಶಸ್ತಿಯಾಗಲಿ ಯುರೋಪಿಯನ್ ಕಪ್ಪಾಗಲಿ ಮತ್ತೆ ಕೈಗೆ ಬರಲಿಲ್ಲ. 1993ರಲ್ಲಿ ಫಾರೆಸ್ಟ್ ಕೆಳಗಿನ ಡಿವಿಷನ್ನಿಗೆ ಇಳಿದಾಗ ಅವರು ನಿವೃತ್ತರಾದರು, 2004ರಲ್ಲಿ ತೀರಿಕೊಂಡರು. 2010ರಲ್ಲಿ ಡರ್ಬಿಯ ಕ್ರೀಡಾಂಗಣದ ಹೊರಗೆ ಒಂದು ಕಂಚಿನ ಪ್ರತಿಮೆ ನಿಲ್ಲಿಸಿದರು. ಅದರಲ್ಲಿ ಕ್ಲಫ್ ಮತ್ತು ಟೇಲರ್ ಜೊತೆಯಾಗಿ ನಿಂತಿದ್ದಾರೆ.