ಪದವಿಯ ಮುಂದಿನ ಮೆಟ್ಟಿಲು
(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಸಮುದಾಯದಲ್ಲಿ ವಿದ್ಯೆಗಾಗಿ ಕೊಡುವ ಕೈಗಳಿಗೆ ಕೊರತೆಯಿಲ್ಲ. ಜೂನ್ ಬಂತೆಂದರೆ ಊರೂರಿನಲ್ಲೂ ನೋಟ್ ಪುಸ್ತಕ, ಸಮವಸ್ತ್ರ ಹಂಚುತ್ತೇವೆ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಹೆಚ್ಚು ಅಂಕ ಪಡೆದವರನ್ನು ವೇದಿಕೆಗೆ ಕರೆದು ಸನ್ಮಾನಿಸುತ್ತೇವೆ. ಅದು ನಡೆಯುತ್ತಲೇ ಇರಲಿ. ಆದರೆ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮುಗಿಸಿದ ಬಡ ಮನೆಯ ಮಗನೋ ಮಗಳೋ "ನಾನು ಕೊಣಾಜೆಗೆ ಹೋಗುತ್ತೇನೆ, ಧಾರವಾಡಕ್ಕೆ ಹೋಗುತ್ತೇನೆ, ಇನ್ನೂ ಓದುತ್ತೇನೆ" ಎಂದಾಗ ನಾವು ಎಲ್ಲಿರುತ್ತೇವೆ? ಇವತ್ತು ನಿಮ್ಮ ಮುಂದಿಡಬೇಕೆಂದಿರುವುದು ಈ ಒಂದೇ ಪ್ರಶ್ನೆ.

ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರಲ್ಲಿ ವರದಿ ಕೊಟ್ಟಿತು. ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25 ಮಂದಿಗೆ ಒಬ್ಬರು ಮುಸ್ಲಿಮರು. ಸ್ನಾತಕೋತ್ತರ ತರಗತಿಗಳಲ್ಲಿ 50 ಮಂದಿಗೆ ಒಬ್ಬರು ಎಂದು ಅದು ಹೇಳಿತು. ಒಂದು ಮೆಟ್ಟಿಲು ಏರುವಷ್ಟರಲ್ಲಿ ನಮ್ಮ ಪಾಲು ಅರ್ಧವಾಯಿತು. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ನಾವು ಶೇ. 14.2. ಆದರೆ 2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿರುವವರ ಪೈಕಿ ನಮ್ಮ ಪಾಲು ಕೇವಲ ಶೇ. 4.6.

ಬುದ್ಧಿಯ ಕೊರತೆಯಿಂದ ಹೀಗಾಗಿಲ್ಲ. ಇಪ್ಪತ್ತೊಂದು ವರ್ಷ ತುಂಬಿದ ಮಗನ ದುಡಿಮೆಗಾಗಿ ಬಡ ಮನೆ ಕಾದಿರುತ್ತದೆ. ತಮ್ಮನ ಫೀಸು, ತಂಗಿಯ ಮದುವೆ, ತಂದೆಯ ಔಷಧಿ ಎಲ್ಲವೂ ಅವನ ಪದವಿಯ ಕಡೆಗೇ ನೋಡುತ್ತಿರುತ್ತವೆ. ಮಗಳಾದರೆ ಮದುವೆಯ ಮಾತು ಆಗಲೇ ಶುರುವಾಗಿರುತ್ತದೆ. ಇಷ್ಟರ ನಡುವೆ ಅರ್ಜಿಯ ಶುಲ್ಕ, ಪ್ರವೇಶ ಪರೀಕ್ಷೆಗೆ ಹೋಗಿಬರುವ ಖರ್ಚು, ಹಾಸ್ಟೆಲ್ ಠೇವಣಿ, ತಿಂಗಳು ತಿಂಗಳ ಮೆಸ್ ಬಿಲ್ಲು. ಸೀಟು ಸಿಕ್ಕಿದರೆ ಕೆಲವೇ ದಿನಗಳಲ್ಲಿ ಶುಲ್ಕ ಕಟ್ಟಬೇಕು. ಸರಕಾರದ ವಿದ್ಯಾರ್ಥಿವೇತನ ಬರುವುದಿದ್ದರೂ ಅರ್ಜಿ, ಪರಿಶೀಲನೆ ಎಲ್ಲ ಮುಗಿದ ಮೇಲೆಯೇ ಬ್ಯಾಂಕ್ ಖಾತೆಗೆ ಬೀಳುತ್ತದೆ. ಬ್ಯಾಂಕಿನ ಶಿಕ್ಷಣ ಸಾಲವನ್ನು ಬಡ್ಡಿಯ ಕಾರಣಕ್ಕೆ ಬೇಡವೆನ್ನುವ ಮನೆಗಳು ನಮ್ಮಲ್ಲಿ ಬಹಳ. ಕೊನೆಗೆ ಆ ಹುಡುಗ ಅಂಗಡಿಯ ಕೌಂಟರಿಗೋ ಗಲ್ಫ್ ವೀಸಾಕ್ಕೋ ಹೊರಡುತ್ತಾನೆ.

ಇನ್ನೊಂದು ಸಂಗತಿ ಗಮನಿಸಿ. ಅಲ್ಪಸಂಖ್ಯಾತ ಸಂಶೋಧಕರಿಗಾಗಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ಆದರೆ ಎಲ್ಲರಿಗೂ ತೆರೆದಿರುವ ಜೆ.ಆರ್.ಎಫ್. ಇದೆ. ಅದರಲ್ಲಿ ಆಯ್ಕೆಯಾಗಿ ಸಂಶೋಧನೆಗೆ ಸೇರಿದವರಿಗೆ 2023ರ ಜನವರಿಯಿಂದ ನಿಗದಿಯಾದ ಮೊತ್ತ ತಿಂಗಳಿಗೆ 37,000 ರೂಪಾಯಿ. ಮೂರು ವರ್ಷದ ಪದವಿ ಪಡೆದವರು ಅಲ್ಲಿಗೆ ತಲುಪಬೇಕಾದರೆ ಮೊದಲು ಸ್ನಾತಕೋತ್ತರ ತರಗತಿಯನ್ನು ಹಾಯಬೇಕು. ಅಂದರೆ ನಾವು ಕೈಹಿಡಿದು ದಾಟಿಸಬೇಕಾಗಿರುವುದು ಎರಡೇ ವರ್ಷ.

ಡಾ. ಅಂಬೇಡ್ಕರ್ ಅವರ ಬದುಕನ್ನೇ ನೋಡಿ. 1912ರಲ್ಲಿ ಬಿ.ಎ. ಆಯಿತು. 1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. 1915ರಲ್ಲಿ ಅವರು ಅಲ್ಲಿ ಎಂ.ಎ. ಪಡೆದರು. ಮುಂದೆ 1917ರಲ್ಲಿ ವಿದ್ಯಾರ್ಥಿವೇತನ ಮುಗಿದಾಗ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಮತ್ತೆ ಹೋಗಲು ಸಾಧ್ಯವಾದದ್ದು 1920ರಲ್ಲಿ. ಸಕಾಲದಲ್ಲಿ ಬಂದ ಹಣ ಏನು ಮಾಡಬಲ್ಲದು, ನಡುವೆ ನಿಂತ ಹಣ ಏನನ್ನು ಕಸಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಆದ್ದರಿಂದ ಮೂರು ಸಲಹೆಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು, ಕೆಲವರಿಗೆ ಕೊಟ್ಟರೂ ಪೂರ್ತಿ ಕೊಡೋಣ. ನಮ್ಮಲ್ಲಿ 2,40,000 ರೂಪಾಯಿ ಇದೆಯೆನ್ನೋಣ. 80 ಮಂದಿಗೆ ಹಂಚಿದರೆ ತಲಾ 3,000. ಫೋಟೋ ದೊಡ್ಡದಾಗುತ್ತದೆ, ಯಾರ ಓದೂ ಮುಗಿಯುವುದಿಲ್ಲ. ಅದೇ ಹಣವನ್ನು ತಿಂಗಳಿಗೆ 5,000ದಂತೆ 24 ತಿಂಗಳು ಕೊಟ್ಟರೆ ಇಬ್ಬರ ಎಂ.ಎಸ್ಸಿ.ಗೆ ಆಸರೆಯಾಗುತ್ತದೆ.

ಎರಡು, ಪ್ರವೇಶದ ವೇಳೆಗೆಂದೇ ಒಂದು ಬಡ್ಡಿರಹಿತ ನಿಧಿ ಇರಲಿ. ಸರಕಾರದ ಹಣ ಬಂದಾಗ ವಿದ್ಯಾರ್ಥಿ ಅದನ್ನು ಮರಳಿಸಲಿ. ಅದು ಇನ್ನೊಬ್ಬರಿಗೆ ಸಲ್ಲಲಿ. ಜಮ್ಶೆಟ್ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ದತ್ತಿನಿಧಿ ಉನ್ನತ ವ್ಯಾಸಂಗಕ್ಕೆ ಸಾಲರೂಪದ ವಿದ್ಯಾರ್ಥಿವೇತನವನ್ನೇ ಕೊಡುತ್ತಾ ಬಂದಿದೆ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಬಡವರೂ ನಿರ್ಗತಿಕರೂ ಮೊದಲಿಗರು. ಬಡ ವಿದ್ಯಾರ್ಥಿಗೆ ಯಾವ ರೀತಿಯಲ್ಲಿ ಕೊಡಬಹುದೆಂದು ಉಲಮಾಗಳನ್ನು ಕೇಳಿ, ಝಕಾತ್‌ನ ಲೆಕ್ಕವನ್ನು ಬೇರೆಯೇ ಇಡೋಣ.

ಮೂರು, ಆಯ್ಕೆ ಮನೆಯ ಆದಾಯ ಮತ್ತು ಅಂಕಗಳನ್ನು ನೋಡಿ ಆಗಲಿ, ಪರಿಚಯ ನೋಡಿ ಅಲ್ಲ. ಹೆಣ್ಣುಮಕ್ಕಳಿಗೆ ಸಮಪಾಲು ಸಿಗಲಿ. ಪದವಿ ಮುಗಿಸಿದವರಿಗೆ ಆತ್ಮಾಭಿಮಾನವಿರುತ್ತದೆ. ಅವರನ್ನು ಇಂತಹ ವೇದಿಕೆಗೆ ಕರೆದು ಚೆಕ್ ಹಿಡಿಸಿ ನಿಲ್ಲಿಸುವುದು ಬೇಡ. ಹಣ ಸದ್ದಿಲ್ಲದೆ ಖಾತೆಗೆ ಹೋಗಲಿ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ನಾಳೆ ನೀವು ಸಂಬಳ ಎಣಿಸುವ ದಿನ ನಿಮ್ಮ ಹಿಂದೆ ಬರುವ ಒಬ್ಬರ ಎರಡು ವರ್ಷವನ್ನು ಹೊತ್ತುಕೊಳ್ಳಿ. ಹೆತ್ತವರೇ, ಇನ್ನೆರಡು ವರ್ಷ ತಾಳಿಕೊಳ್ಳಿ. ದಾನಿಗಳೇ, ಹತ್ತನೆಯ ತರಗತಿಯ ಮಗುವಿಗೆ ಹಿಡಿದ ಕೈಯನ್ನು ಪದವಿಯ ಬಾಗಿಲಲ್ಲಿ ಬಿಡಬೇಡಿ.

ಅಲ್ಲಾಹನು ನಮ್ಮೆಲ್ಲರ ಸತ್ಕರ್ಮಗಳನ್ನು ಸ್ವೀಕರಿಸಲಿ. ಆಮೀನ್. ವಸ್ಸಲಾಮ್.